ಓ ಅನ್ನದ ಬಾಳವ್ವ

ಒಂದಾನೊಂದು ಊರಿನಲ್ಲಿ, ಈಗ ಹುಡುಕಿದರೆ ಸಿಗದ ಊರಿನಲ್ಲಿ, ಒಬ್ಬ ರಾಜನಿದ್ದ. ಅವನಿಗೆ ಯುದ್ಧ ಬೇಕಿರಲಿಲ್ಲ, ಬೇಟೆ ಬೇಕಿರಲಿಲ್ಲ. ತಾನು ಹೆಸರು ಹಿಡಿದು ಕರೆದರೆ ಜನ ‘ಓ’ ಅನ್ನಬೇಕು, ಅಷ್ಟೇ. ದಿನಾ ಬೆಳಗ್ಗೆ ಕೋಟೆಯ ಮೇಲೆ ನಿಂತು ಒಬ್ಬೊಬ್ಬರನ್ನೇ ಕರೆಯುತ್ತಿದ್ದ. ಒಬ್ಬೊಬ್ಬರೇ ‘ಓ’ ಅನ್ನುತ್ತಿದ್ದರು. ಅದನ್ನು ಕೇಳಿದ ಮೇಲೇ ಅವನಿಗೆ ತಿಂಡಿ ಸೇರುತ್ತಿತ್ತು.

ಆ ಊರಿಗೆಲ್ಲ ರೊಟ್ಟಿ ಬಡಿದು ಕೊಡುವವಳು ಬಾಳವ್ವ. ಒಂದು ಬೆಳಗ್ಗೆ ರಾಜ ಅವಳ ಹೆಸರು ಕೂಗಿದಾಗ ಅವಳ ಬಾಯಲ್ಲಿ ಸುಡುವ ಬದನೆಕಾಯಿ ಇತ್ತು. ನುಂಗಲೂ ಆಗದು, ಉಗುಳಲೂ ಆಗದು. ‘ಓ’ ಹೊರಡಲಿಲ್ಲ.

ರಾಜನ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ಮಂತ್ರಿ ಗಡ್ಡ ನೀವಿಕೊಂಡ.

“ಸತ್ತವರು ಓ ಅನ್ನುವುದಿಲ್ಲ, ಪ್ರಭು. ಬಾಳವ್ವ ಓ ಅನ್ನಲಿಲ್ಲ. ಆದ್ದರಿಂದ ಬಾಳವ್ವ ಸತ್ತಿದ್ದಾಳೆ.”

ಡಂಗುರ ಸಾರಿದರು. ಬಾಳವ್ವ ಬದನೆಕಾಯಿ ನುಂಗಿ ನೀರು ಕುಡಿಯುವಷ್ಟರಲ್ಲಿ ಊರಾಚೆ ಗುಂಡಿ ತೋಡಿ ಆಗಿತ್ತು.

ಹಿಟ್ಟಿನ ಕೈಯಲ್ಲೇ ಅವಳು ಅರಮನೆಗೆ ಓಡಿದಳು. “ನಾ ಜೀವಂತ ಅದೀನ್ರಿ,” ಅಂದಳು. ಮಂತ್ರಿ ಮರುಗಿದ. ಬದುಕಿದ್ದರೆ ಲಾಭ ಅವಳಿಗೇ ತಾನೆ, ಲಾಭ ಇರುವವರ ಮಾತು ಸಾಕ್ಷಿಗೆ ಬರುವುದಿಲ್ಲ ಅಂದ. ಬಾಳವ್ವ ಹೋಗಿ ಪಕ್ಕದ ಮನೆಯ ತಂಗೆವ್ವನನ್ನು ಕರೆತಂದಳು. ತಂಗೆವ್ವ, ಇವಳು ಬೆಳಗ್ಗೆ ತಾನೇ ನನ್ನ ಜೊತೆ ಜಗಳ ಆಡಿದಾಳೆ ಅಂತ ಹೇಳಿದಳು. ಮಂತ್ರಿ ತಂಗೆವ್ವನ ಮುಖ ನೋಡಿದ. ಮೂಗು ಸೊಟ್ಟ ಇತ್ತು. ಸೊಟ್ಟ ಮೂಗಿನವಳ ಮಾತು ನೆಟ್ಟಗಿರುವುದು ಹೇಗೆ ಅಂದ. ಸಭೆಯೆಲ್ಲ ತಲೆದೂಗಿತು.

ಬಾಳವ್ವ ಸತ್ತಿದ್ದಾಳೆ ಅನ್ನುವವರು ಕೈ ಎತ್ತಿ ಅಂದ ಮಂತ್ರಿ. ಎಲ್ಲ ಕೈಗಳೂ ಎದ್ದವು. ಇಷ್ಟೊಂದು ಕೈ ಒಟ್ಟಿಗೆ ತಪ್ಪುತ್ತವೆಯೇ? ಬಾಳವ್ವ ತಿರುಗಿ ನೋಡಿದರೆ ತಂಗೆವ್ವನ ಕೈಯೂ ಮೇಲಿತ್ತು.

ರಾಜನಿಗೆ ಸ್ವಲ್ಪ ಕನಿಕರ ಹುಟ್ಟಿತು. ಒಬ್ಬಳು ತಾನೆ, ಬದುಕಿಕೊಳ್ಳಲಿ ಬಿಡು ಅಂದ. ಮಂತ್ರಿ ನಡುಗಿಹೋದ. ಇವತ್ತು ಒಬ್ಬಳನ್ನು ಬಿಟ್ಟರೆ ನಾಳೆ ಹತ್ತು ಹೆಣ ಏಳುತ್ತವೆ, ನಾಡಿದ್ದು ತಮ್ಮ ಮುತ್ತಜ್ಜ ಎದ್ದು ಬಂದು ಸಿಂಹಾಸನ ಕೇಳುತ್ತಾರೆ ಅಂದ. ರಾಜ ಸಿಂಹಾಸನವನ್ನು ಎರಡೂ ಕೈಯಿಂದ ಅವುಚಿಕೊಂಡ.

ಬಾಳವ್ವನನ್ನು ಗುಂಡಿಯ ಹತ್ತಿರ ಕರೆದೊಯ್ದರು. ಗುಂಡಿ ಬಾಯಿ ತೆರೆದು ಮಾತಾಡಿತು. ತನ್ನನ್ನು ಇಷ್ಟು ಆಳ ತೋಡಿದ್ದಾರೆ, ಈಗ ಬೇಡ ಅಂದರೆ ತೋಡಿದ್ದೆಲ್ಲ ದಂಡ ಅಂದಿತು. ಹೌದಲ್ಲ ಅಂದರು ಎಲ್ಲರೂ. ಮಾತಾಡುವ ಗುಂಡಿಯನ್ನು ಕಂಡು ಯಾರೂ ಬೆಚ್ಚಲಿಲ್ಲ. ಮಾತಾಡುವ ಬಾಳವ್ವನನ್ನು ಕಂಡು ಬೆಚ್ಚುತ್ತಿದ್ದರು.

ಗುಂಡಿಯ ಅಂಚಿಗೆ ಅವಳ ಗಂಡ ಮಲಕಾಜಪ್ಪ ಕೂತಿದ್ದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

“ನೀ ಸತ್ತದ್ದು ನನಗೊಂದು ಮಾತು ಯಾಕ ಹೇಳಲಿಲ್ಲ?” ಅಂದ.

ಮಂತ್ರಿಯ ಮಾತಿಗೆ ಬಾಳವ್ವ ಇಷ್ಟು ಅಂಜಿರಲಿಲ್ಲ. ಗಂಡನ ಪಕ್ಕದಲ್ಲೇ ಕೂತಳು. ಕೈ ಚಾಚಿದಳು.

“ನನ್ನ ಕೈ ಹಿಡದು ನೋಡ್ರಿ. ಬಿಸಿ ಐತೋ, ತಣ್ಣಗೈತೋ?”

ಅವನು ಊರವರ ಮುಖ ನೋಡಿದ. ಮಂತ್ರಿಯ ಮುಖ ನೋಡಿದ. ಆಮೇಲೆ ಕೈ ಹಿಡಿದ.

“ಬಿಸಿ ಐತಿ.”

“ಹಂಗಾರ ನಡೀರಿ.”

ಇಬ್ಬರೂ ಎದ್ದು ಹೊಳೆಯ ಕಡೆ ಹೆಜ್ಜೆ ಹಾಕಿದರು. ಹಿಡಿಯಿರಿ ಅಂತ ರಾಜ ಕೂಗಿದ. ಭಟರು ಹೊರಟರು. ಮಂತ್ರಿಯೇ ಅಡ್ಡ ಬಂದ.

“ಸತ್ತವರು ನಡೆಯುವುದಿಲ್ಲ, ಪ್ರಭು. ಅಲ್ಲಿ ನಡೆಯುತ್ತಿರುವುದು ಯಾರೂ ಅಲ್ಲ. ಯಾರೂ ಅಲ್ಲದವರನ್ನು ಹಿಡಿಯುವುದು ಹೇಗೆ?”

ಊರವರು ಬರೀ ಗುಂಡಿಯನ್ನೇ ಮುಚ್ಚಿ, ಹೂ ಹಾಕಿ, ಸ್ನಾನ ಮಾಡಿ ಮನೆಗೆ ಹೋದರು. ಮರುದಿನ ಊರಲ್ಲಿ ಯಾರಿಗೂ ರೊಟ್ಟಿ ಸಿಗಲಿಲ್ಲ. ನೋಡಿದಿರಾ, ಅವಳು ಸತ್ತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಅಂದ ಮಂತ್ರಿ.

ಹೊಳೆಯ ಆಚೆಯವರು ಬಾಳವ್ವ ಬಡಿದ ಬಿಸಿ ರೊಟ್ಟಿ ತಿಂದುಕೊಂಡು ಇದ್ದರು. ಈಚೆಯವರು ಬುದ್ಧಿವಂತರಾಗಿ ಉಪವಾಸ ಬಿದ್ದರು. ಕತೆ ಇಷ್ಟೇ, ಏಳಿ.