ಪಿಂಗಾಣಿ ಮತ್ತು ಒರಟು ಲೋಹ

೨೦೧೯ರ ಮಾರ್ಚ್ ೧೨, ಮಂಗಳವಾರ. ಬೆಳಗಿನಿಂದಲೇ ಸುಡು ಬಿಸಿಲು. ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ನಸೀಮಾ ಎಂಬಾಕೆ ಸವೆದ ಹಲ್ಲಿಗೆ ತೊಡಿಸುವ ಒಂದು ಪುಟ್ಟ ಲೋಹದ ಟೋಪಿಯ ಮೇಲೆ ಪಿಂಗಾಣಿಯ ಹಿಟ್ಟನ್ನು ಕಲಸಿ ಬಳಿಯತೊಡಗಿದಳು.

“ಇಷ್ಟು ಒರಟಾದವನ ಮೇಲೆ ನಾನು ಕೂರುವುದೇ?” ಎಂದಿತು ಪಿಂಗಾಣಿ. “ಮುಖವೋ, ಮಸಿ ಹಿಡಿದ ಬಾಣಲೆ. ನಾನು ಒಡೆದರೆ ಕಸದ ಬುಟ್ಟಿಯೇ ಗತಿ. ನಿನಗೇನು, ಇನ್ನೊಬ್ಬಳು ಸಿಗುತ್ತಾಳೆ.”

“ಕೂರು ಮಾರಾಯ್ತಿ, ಆಮೇಲೆ ಬೈಯುವೆಯಂತೆ,” ಎಂದಿತು ಲೋಹ.

ಕುಲುಮೆಯಲ್ಲಿ ಬೆಂದು ಎರಡೂ ಸೇರಿ ಒಂದು ಹಲ್ಲಾದವು. ವಾರದ ಬಳಿಕ, ಆ ಹಲ್ಲು ಕಟ್ಟಿಸಿಕೊಂಡ ಮೇಷ್ಟರೊಬ್ಬರು ಕೋಡುಬಳೆ ಕಡಿದರು. ಕೋಡುಬಳೆ ಮುರಿಯಿತು. ಪಿಂಗಾಣಿಗೆ ಕೂದಲೆಳೆಯಷ್ಟೂ ಬಿರುಕು ಬೀಳಲಿಲ್ಲ.

ಪಿಂಗಾಣಿ ತಬ್ಬಿಬ್ಬಾಯಿತು. “ನಮ್ಮ ನಡುವೆ ಅಂಟಿಲ್ಲ, ಮೊಳೆಯಿಲ್ಲ. ಮತ್ತೆ ನಾನು ಕಳಚಿ ಬೀಳಲಿಲ್ಲವೇಕೆ?”

“ನನಗೂ ಪೂರ್ತಿ ತಿಳಿಯದು. ನಿನಗಿಂತ ಮೊದಲು ಬಂದವಳು ನನ್ನ ನುಣುಪಿನ ಮೇಲೆ ನಿಲ್ಲಲಾರದೆ ಜಾರಿ ಒಡೆದಳು. ಆಮೇಲೆ ನಸೀಮಾ ನನ್ನ ಮೈಗೆಲ್ಲ ರಭಸದಿಂದ ಮರಳು ಹೊಡೆದು ಒರಟಾಗಿಸಿದಳು, ಕಪ್ಪಾಗುವವರೆಗೆ ಕಾಯಿಸಿದಳು. ನಾನು ಬೇಡವೆನ್ನಲಿಲ್ಲ.”

“ನನ್ನನ್ನು ಹಿಡಿದಿಟ್ಟುಕೊಳ್ಳಲು ನೀನು ತೆತ್ತದ್ದೇನು?”

“ಬೆಳ್ಳಿಯಂಥ ಹೊಳಪು,” ಎಂದಿತು ಲೋಹ.