ಹೋಗಿ ಬಾ ಎಂದ ವರ್ತಕ

"ಗುರುಗಳೇ, ತಪ್ಪನ್ನು ಕಣ್ಣಾರೆ ಕಂಡಾಗಿದೆ. ಆಮೇಲೂ ಕೆಲಸದವರನ್ನು ವಿಚಾರಿಸಬೇಕೆ? ಕೂಡಲೇ ಕೆಲಸ ಬಿಡಿಸಿ ಕಳಿಸಿದರೆ ಅನ್ಯಾಯವೇ?"

ಕೇಳಿದವನು ಮಠದ ಅಡುಗೆಮನೆಯ ಉಸ್ತುವಾರಿ ನೋಡುತ್ತಿದ್ದ ಶಿಷ್ಯ. ಗುರು ಅವನ ಮುಖ ನೋಡಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳಿದರು.

ಒಬ್ಬ ಅವಲಕ್ಕಿ ವರ್ತಕನಿದ್ದ. ಅವನ ಅಂಗಳದಲ್ಲಿ ಹತ್ತು ಹೆಂಗಸರು ಒನಕೆ ಹಿಡಿದು ಕುಟ್ಟುತ್ತಿದ್ದರು. ನೆನೆದ ಭತ್ತವನ್ನು ಹುರಿದು ಬಿಸಿ ಆರುವ ಮೊದಲೇ ಅವರ ಒರಳಿಗೆ ಹಾಕುವವನು ಒಬ್ಬನೇ. ಹದಿನೆಂಟು ವರ್ಷದಿಂದ ಅವನು ಆ ಒಲೆಯ ಮುಂದೆ ಕೂರುತ್ತಿದ್ದ. ಬೇರೆ ಕೆಲಸ ಅವನಿಗೆ ತಿಳಿಯದು. ಆ ಕೆಲಸಕ್ಕೆ ಇದ್ದ ಕಟ್ಟಳೆ ಒಂದೇ. ಬಾಣಲೆ ಉರಿಯ ಮೇಲಿರುವಾಗ ಹುರಿಯುವವನು ಏಳಬಾರದು. ಒಲೆ ಬಿಟ್ಟವನು ಎಂದು ಒಮ್ಮೆ ಹೆಸರು ಬಂದರೆ ಆ ಪೇಟೆಯಲ್ಲಿ ಮತ್ತೆ ಯಾರೂ ಅವನನ್ನು ಒಲೆಯ ಮುಂದೆ ಕೂರಿಸುತ್ತಿರಲಿಲ್ಲ.

ಒಂದು ದಿನ ವರ್ತಕ ಅಂಗಳಕ್ಕೆ ಬಂದಾಗ ಹೊಗೆ ತುಂಬಿತ್ತು. ಬಾಣಲೆಯಲ್ಲಿ ಭತ್ತ ಕರಿಕಾಗಿತ್ತು. ಒಲೆಯ ಮುಂದೆ ಯಾರೂ ಇರಲಿಲ್ಲ. ಕೆಲಸ ನೋಡಿಕೊಳ್ಳುತ್ತಿದ್ದವನು ವರ್ತಕನ ಭಾವಮೈದ. "ನೋಡಿ ಭಾವ, ಒಲೆ ಬಿಟ್ಟು ಎದ್ದು ಹೋಗಿದ್ದಾನೆ" ಎಂದ ಅವನು. ಅಷ್ಟರಲ್ಲಿ ಹುರಿಯುವವನು ಹಿತ್ತಲಿನಿಂದ ಬಂದ. ವರ್ತಕ ಎಲ್ಲರ ಎದುರಿಗೆ, ನಿನ್ನ ಕೆಲಸ ಇಂದಿಗೆ ಮುಗಿಯಿತು ಎಂದ. ಆದರೆ ಹೊಸಿಲು ದಾಟುವವನಿಗೆ ಬರೀ ಹೋಗು ಎನ್ನಲು ಅವನ ನಾಲಗೆ ಏಳಲಿಲ್ಲ. ಆ ಮನೆಯಲ್ಲಿ ಯಾರೂ ಹಾಗೆ ಅಂದದ್ದಿಲ್ಲ. "ಹೋಗಿ ಬಾ" ಎಂದ.

ಮರುದಿನ ಹುರಿಯುವವನು ಬಂದ. ಒಲೆಯ ಮುಂದೆ ಭಾವಮೈದನೇ ಕುಳಿತು ಕೈ ಸುಟ್ಟುಕೊಳ್ಳುತ್ತಿದ್ದ. ಇವನು ಜಗಲಿಯ ಮೇಲೆ ಕುಳಿತ.

"ನಿನ್ನೆಯೇ ಹೇಳಿದೆನಲ್ಲ?" ಎಂದ ವರ್ತಕ.

"ಹೋಗಿ ಬಾ ಎಂದಿರಿ, ಸಾಹುಕಾರರೇ. ಹೋಗಿದ್ದೆ. ಬಂದಿದ್ದೇನೆ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. "ನಮ್ಮ ಮನೆಯವರೂ ನಾನು ಹೇಳಿದ ಮಾತನ್ನು ಇಷ್ಟು ಕೇಳಿದ್ದರೆ" ಎಂದಳು ಒಬ್ಬಳು.

ವರ್ತಕನಿಗೆ ರೇಗಿತು. "ಹಾಗಾದರೆ ಬಾ ಎನ್ನುವುದನ್ನು ಬಿಟ್ಟೇ ಹೇಳಲೇ?"

"ಹೇಳಿ. ಬರೀ ಹೋಗು ಎನ್ನುವುದು ಮತ್ತೆ ಬಾರದವರಿಗೆ. ಅದನ್ನು ಹೇಳುವ ಮೊದಲು ಒಲೆ ಏಕೆ ಬಿಟ್ಟೆ ಎಂದು ಕೇಳಿ. ಬಿಡಿಸಿದ್ದು ಇವರೆಲ್ಲರ ಎದುರಿಗೆ. ಕೇಳುವುದೂ ಇವರ ಎದುರಿಗೇ ಆಗಲಿ."

"ಕಣ್ಣಾರೆ ಕಂಡವನು ನಾನು. ಕೇಳುವುದೇನು? ಹೇಳುವುದಿದ್ದರೆ ನೀನೇ ಹೇಳು."

"ಕೇಳದೆ ಹೇಳಿದರೆ ಬೇಡಿಕೊಂಡಂತೆ ಆಗುತ್ತದೆ. ನಾನು ಬೇಡಲು ಬಂದಿಲ್ಲ."

ವರ್ತಕ ಒಳಗೆ ಹೋದ.

ಎರಡನೆಯ ದಿನವೂ ಅವನು ಬಂದ, ಮೂರನೆಯ ದಿನವೂ ಬಂದ. ಒಲೆ ಹೊತ್ತಿಸುವಾಗ ಬಂದು ಕೂರುವನು, ಒಲೆ ಆರಿಸಿದಾಗ ಎದ್ದು ಹೋಗುವನು. ಯಾರ ಬಳಿಯೂ ದೂರಲಿಲ್ಲ. ಎಳೆದು ಹೊರಗೆ ಹಾಕಿಸುತ್ತೇನೆ ಎಂದ ಭಾವಮೈದ. ವರ್ತಕ ಬೇಡವೆಂದ. ಏಕೆ ಬೇಡವೆಂದನೋ ಅವನಿಗೇ ತಿಳಿಯಲಿಲ್ಲ.

ನಾಲ್ಕನೆಯ ದಿನ ಎಲ್ಲರಿಗಿಂತ ಹಿರಿಯಳಾದ ಹೆಂಗಸು ಒನಕೆಯನ್ನು ಗೋಡೆಗೆ ಒರಗಿಸಿದಳು.

"ಸಾಹುಕಾರರೇ, ನಾಳೆ ನನ್ನ ಒನಕೆ ಜಾರಿ ಒರಳು ಒಡೆದರೆ ನನ್ನನ್ನಾದರೂ ಕೇಳುತ್ತೀರಾ? ಇಲ್ಲವಾದರೆ ಹೇಳಿ, ಜಗಲಿಯಲ್ಲಿ ಈಗಲೇ ಒಂದು ಜಾಗ ಹಿಡಿದಿಡುತ್ತೇನೆ."

ಉಳಿದ ಒಂಬತ್ತು ಒನಕೆಗಳೂ ನಿಂತವು. ಈ ಸಲ ಯಾರೂ ನಗಲಿಲ್ಲ. ವರ್ತಕ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಯಾರೂ ಕಣ್ಣು ತಗ್ಗಿಸಲಿಲ್ಲ. ಅವನು ಜಗಲಿಯ ಮುಂದೆ ಬಂದು ನಿಂತ.

"ಒಲೆ ಏಕೆ ಬಿಟ್ಟೆ?"

ಹುರಿಯುವವನು ಎದ್ದು ನಿಂತ.

"ಹಿತ್ತಲ ಬಾಗಿಲಿನಿಂದ ನಿಮ್ಮ ಭಾವಮೈದ ಕರೆದರು. ಅವರ ಮನೆಗೆ ಸೌದೆ ಹೋಗಬೇಕಿತ್ತು, ಗಾಡಿಗೆ ಎತ್ತಿಹಾಕು ಎಂದರು. ಬಾಣಲೆ ಉರಿಯ ಮೇಲಿದೆ ಎಂದೆ. ಮೊದಲು ಬಾ ಎಂದರು. ಒನಕೆಯ ಸದ್ದಿನಲ್ಲಿ ಇವರಿಗೆ ಕೇಳಿಸಿರಲಿಕ್ಕಿಲ್ಲ. ಒಲೆ ಬಿಟ್ಟವನನ್ನು ನೀವು ಬಿಡಿಸುತ್ತೀರಿ. ಕರೆದಾಗ ಬಾರದವನನ್ನೂ ಬಿಡಿಸುತ್ತೀರಿ. ನಾನು ಯಾವುದನ್ನು ಮಾಡಬೇಕಿತ್ತು ಹೇಳಿ."

"ನಿನ್ನ ಒಲೆಯ ಮುಂದೆ ನೀನು ಕೂರು" ಎಂದ ವರ್ತಕ. ಹುರಿಯುವವನು ಹೋಗಿ ಭಾವಮೈದನ ಕೈಯಿಂದ ಸಟ್ಟುಗ ತೆಗೆದುಕೊಂಡ. ವರ್ತಕನ ಮುಖ ಕೆಂಪಾಗಿತ್ತು. ಅವನು ಭಾವಮೈದನಿಗೆ ಬಾಗಿಲ ಕಡೆ ಕೈ ತೋರಿಸಿದ.

"ನೀನು ಈಗಲೇ ಇಲ್ಲಿಂದ..."

"ನಿಲ್ಲಿ, ಸಾಹುಕಾರರೇ" ಎಂದ ಹುರಿಯುವವನು. ಭತ್ತ ಕೈಯಾಡಿಸುತ್ತಲೇ ಇದ್ದ. "ಅವರನ್ನೂ ಕೇಳಿ."

ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ.

"ಆ ಭಾವಮೈದ ಏನು ಹೇಳಿದ, ಗುರುಗಳೇ?"

"ಅದಿರಲಿ" ಎಂದರು ಗುರು, "ಇಂದು ಬೆಳಿಗ್ಗೆ ನೀನು ಅಡುಗೆಮನೆಯಿಂದ ಬಿಡಿಸಿ ಕಳಿಸಿದವಳು ಏನು ಹೇಳಿದಳು?"