ಗಾಜಿನ ಬೀರುವಿನ ಬೀಗ

ಪ್ರಾಧ್ಯಾಪಕ ಶೇಷಗಿರಿಯವರು ಜೀವಮಾನವಿಡೀ ಕೂಡಿಸಿದ ಅಮೆರಿಕದ ಇತಿಹಾಸ ಗ್ರಂಥಗಳನ್ನು ಗಾಜಿನ ಬೀರುವಿನಲ್ಲಿಟ್ಟು, ಹಿತ್ತಾಳೆಯ ಬೀಗ ಹಾಕಿದ್ದರು. ಅವರು ತೀರಿಕೊಂಡ ಮೇಲೆ ಪುಸ್ತಕಗಳನ್ನು ಊರಿನ ವಾಚನಾಲಯಕ್ಕೆ ಒಯ್ಯಲು ಅಲ್ಲಿನ ಮೇಲ್ವಿಚಾರಕಿ ವಾರಿಜಮ್ಮ ಬಂದರು. ಬೀಗಕ್ಕೆ ದಿಗಿಲಾಯಿತು. ಕಂಡವರ ಕೈಗೆ ಸಿಕ್ಕರೆ ಹಾಳೆ ಮಡಿಸುತ್ತಾರೆ, ಎಂಜಲು ಹಚ್ಚಿ ತಿರುವುತ್ತಾರೆ! ಅದು ಹಲ್ಲು ಕಚ್ಚಿ ನಿಂತಿತು. ಕೀಲಿಕೈ ತಿರುಗಲಿಲ್ಲ.

“ಕಿಲುಬು ಹಿಡಿದಿದೆ ಅಮ್ಮಾವ್ರೇ, ಒಡೆದೇಬಿಡೋಣ,” ಎಂದು ಜೊತೆಗೆ ಬಂದಿದ್ದ ಆಳು ಸುತ್ತಿಗೆ ತರಲು ಹೋದ.

ಬೀರುವಿನ ಒಳಗಿನಿಂದ ಒಂದು ನುಸಿಹುಳು ಕೂಗಿತು: “ಭೇಷ್, ಬೀಗಣ್ಣ! ಪ್ರಾಣ ಹೋದರೂ ಮಣಿಯಬೇಡ.”

“ಗ್ರಂಥಗಳ ಮೇಲೆ ನಿನಗೂ ಇಷ್ಟು ಅಕ್ಕರೆಯೇ?” ಬೀಗ ಹಿಗ್ಗಿತು.

“ಇಲ್ಲದೆ ಉಂಟೇ? ಸ್ವಾತಂತ್ರ್ಯ ಸಮರವನ್ನು ಪೂರ್ತಿ ಮುಗಿಸಿದ್ದೇನೆ. ಗುಲಾಮರ ಬಿಡುಗಡೆಯ ಅಧ್ಯಾಯವನ್ನು ನಿನ್ನೆಯಷ್ಟೇ ಹಿಡಿದೆ.”

“ಓದಿ ತಿಳಿದದ್ದೇನು?”

“ಓದುವುದೇ? ಹಳೆಯ ಅಂಟಿನ ರುಚಿ ನಿನಗೇನು ಗೊತ್ತು! ಹಾಳೆ ತಿರುವುವವರೇ ಇಲ್ಲದ ಇಂಥ ಮನೆ ನನಗೆ ಇನ್ನೆಲ್ಲಿ ಸಿಕ್ಕೀತು? ಎಲ್ಲ ನಿನ್ನ ಕೃಪೆ, ಅಣ್ಣಾ.”

ಇಷ್ಟು ಕಾಲ ತಾನು ಯಾರನ್ನು ಹೊರಗಿಟ್ಟೆ, ಯಾರನ್ನು ಸಾಕಿದೆ ಎಂಬುದು ಬೀಗಕ್ಕೆ ಆಗ ತಿಳಿಯಿತು. ಆಳು ಸುತ್ತಿಗೆ ಎತ್ತಿದ.

“ತಡಿಯಪ್ಪ, ಇನ್ನೊಂದು ಸಲ ನೋಡ್ತೀನಿ,” ಎಂದು ವಾರಿಜಮ್ಮ ಕೀಲಿಕೈ ಹಾಕಿದರು.

ಅದು ಪೂರ್ತಿ ತಿರುಗುವ ಮೊದಲೇ ಬೀಗ ಬಿಚ್ಚಿಕೊಂಡಿತು. ವಾರಿಜಮ್ಮ ಹೊರತೆಗೆದು ಬಿಡಿಸಿದ ಪುಸ್ತಕದ ಹಾಳೆಗಳ ಮೇಲೆ ಬಿಸಿಲು ಬಿತ್ತು. ನುಸಿಹುಳು ಅಡಗಲು ಜಾಗ ಹುಡುಕಿತು.

ಆ ಬೀಗ ಈಗ ವಾಚನಾಲಯದ ಬಾಗಿಲಲ್ಲಿದೆ. ಬೆಳಿಗ್ಗೆ ಕೀಲಿಕೈ ತಾಗಿದರೆ ಸಾಕು, ತೆರೆದುಕೊಳ್ಳುತ್ತದೆ.